ಬೆನ್ನುಹುರಿ: ಕಾಯದೊಳಗಿನ ಹಾಸುನೂಲು

ಬೆಳಗಿನ ಹೊತ್ತು ತಾಯಿಯೊಬ್ಬಳು ಒಲೆಯ ಮುಂದೆ ಕುಳಿತು ರಾಗಿರೊಟ್ಟಿ ಬೇಯಿಸುತ್ತಿರುತ್ತಾಳೆ. ರೊಟ್ಟಿಯನ್ನು ಮಗುಚುವಾಗ ಬೆರಳು ಕಾದ ಹೆಂಚಿಗೆ ತಾಕುತ್ತದೆ. ಮರುಕ್ಷಣದಲ್ಲಿಯೇ ಕೈ ಹಿಂದಕ್ಕೆ ಬಂದಿರುತ್ತದೆ. ‘ಅಯ್ಯೋ ಶಿವನೇ’ ಎಂಬ ಉದ್ಗಾರ ಬಾಯಿಂದ ಹೊರಡುವುದು ಆಮೇಲೆ. ಕೈಯನ್ನು ಹಿಂದಕ್ಕೆ ಸೆಳೆದುಕೊಳ್ಳಬೇಕೆಂದು ಆಕೆ ಆಲೋಚಿಸಿ ನಿರ್ಧರಿಸಿದ್ದಲ್ಲ. ಸುಟ್ಟಿತೆಂಬ ಅರಿವು ಮಿದುಳಿನಲ್ಲಿ ಮೂಡುವುದಕ್ಕೆ ಮುನ್ನವೇ ಕೈಯನ್ನು ಕಾಪಾಡಿದ ಆ ಆಜ್ಞೆ ಎಲ್ಲಿಂದ ಬಂದಿತು?

ಅದು ಬಂದದ್ದು ಬೆನ್ನುಹುರಿಯಿಂದ. ಬೆರಳಿನ ತೊಗಲಿನಲ್ಲಿರುವ ನರತುದಿಯು ಶಾಖದ ಸುದ್ದಿಯನ್ನು ಕುತ್ತಿಗೆಯ ಭಾಗದ ಬೆನ್ನುಹುರಿಗೆ ಒಯ್ದಿತು. ಅಲ್ಲಿದ್ದ ನಡುವಣ ನರಕೋಶವೊಂದು ಅದನ್ನು ಪಕ್ಕದ ಚಾಲಕ ನರಕೋಶಕ್ಕೆ ದಾಟಿಸಿತು. ಆ ಕೋಶ ತೋಳಿನ ಸ್ನಾಯುವಿಗೆ ‘ಮಡಚು’ ಎಂದು ಆಜ್ಞೆ ಕಳುಹಿಸಿತು. ಅದೇ ಹೊತ್ತಿಗೆ, ತೋಳನ್ನು ಚಾಚುವ ಎದುರು ಸ್ನಾಯುವಿಗೆ ‘ಸಡಿಲವಾಗು’ ಎಂಬ ಆಜ್ಞೆಯೂ ಹೋಯಿತು. ಇಷ್ಟೆಲ್ಲ ನಡೆದದ್ದು ಒಂದು ಕಣ್ಣೆವೆ ಮುಚ್ಚುವಷ್ಟು ಕಾಲದಲ್ಲಿ. ಊರಿನಲ್ಲಿ ಬೆಂಕಿ ಬಿದ್ದಾಗ ರಾಜಧಾನಿಯ ಅಪ್ಪಣೆಗೆ ಕಾಯದೆ ನೀರಿನ ಕೊಡ ಹಿಡಿದು ಓಡುವ ಊರಗೌಡನಂತೆ, ಮಿದುಳಿಗೆ ವರದಿ ಆಮೇಲೆ, ಕೆಲಸ ಮೊದಲು.

ದೊಡ್ಡಬಳ್ಳಾಪುರದ ಬೀದಿಗಳಲ್ಲಿ ನಡೆದು ಬಲ್ಲವರಿಗೆ ಮಗ್ಗದ ಸದ್ದು ಪರಿಚಿತವೇ. ಸಾವಿರಾರು ಹಾಸುನೂಲುಗಳು ಮಗ್ಗದ ಈ ತುದಿಯಿಂದ ಆ ತುದಿಗೆ ಬಿಗಿಯಾಗಿ ಹೂಡಿರುತ್ತವೆ. ಅವುಗಳ ನಡುವೆ ಲಾಳಿ ಅಡ್ಡಡ್ಡಲಾಗಿ ಓಡುತ್ತದೆ. ಬೆನ್ನುಹುರಿಯನ್ನು ಅರಿಯಲು ಇದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ತಿಳಿದಿಲ್ಲ. ಮಿದುಳಿನಿಂದ ಕೆಳಕ್ಕೂ, ಕೈಕಾಲುಗಳಿಂದ ಮೇಲಕ್ಕೂ ಹೂಡಿದ ಲಕ್ಷೋಪಲಕ್ಷ ನರತಂತುಗಳು ಅದರ ಹಾಸು; ಹೆಂಚಿನ ಉದಾಹರಣೆಯಲ್ಲಿ ಕಂಡಂತೆ ಅಡ್ಡಡ್ಡಲಾಗಿ ಸುದ್ದಿ ದಾಟಿಸುವ ಚಿಕ್ಕ ನರಕೋಶಗಳು ಅದರ ಹೊಕ್ಕು. ನೇಕಾರ ಕಾಯಕದ ದೇವರ ದಾಸಿಮಯ್ಯನವರ ಬಳಗಕ್ಕೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಒಂದು ವ್ಯತ್ಯಾಸವುಂಟು. ಮಗ್ಗದಲ್ಲಿ ಎಳೆ ಕಡಿದರೆ ನೇಕಾರನು ಬೆರಳತುದಿಯಲ್ಲಿ ಹೊಸೆದು ಮತ್ತೆ ಕೂಡಿಸುತ್ತಾನೆ. ಬೆನ್ನುಹುರಿಯಲ್ಲಿ ಕಡಿದ ಎಳೆಯನ್ನು ಹಾಗೆ ಕೂಡಿಸುವ ಕೈಚಳಕ ಇಂದಿಗೂ ಯಾವ ವೈದ್ಯನಿಗೂ ಕೈವಶವಾಗಿಲ್ಲ.

ಹುರಿಯ ರಚನೆ

ಬೆನ್ನುಮೂಳೆ ಬೇರೆ, ಬೆನ್ನುಹುರಿ ಬೇರೆ ಎಂಬುದನ್ನು ಮೊದಲು ತಿಳಿಯಬೇಕು. ನಾವು ಕೈಯಾಡಿಸಿದಾಗ ಗಂಟುಗಂಟಾಗಿ ಸಿಕ್ಕುವುದು ಮೂಳೆ. ಅದು 33 ಮಣಿಗಳ ಸರ: ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5, ಅದರ ಕೆಳಗೆ ಒಂದಾಗಿ ಬೆಸೆದುಕೊಂಡ 5, ಬಾಲದ ಕುರುಹಾಗಿ ಉಳಿದಿರುವ ಸುಮಾರು 4. ಒಂದೊಂದು ಮಣಿಯ ಹಿಂಬದಿಯಲ್ಲಿಯೂ ಒಂದು ಉಂಗುರವಿದೆ. ಉಂಗುರದ ಮೇಲೆ ಉಂಗುರ ಕೂಡಿದಾಗ ಒಂದು ನಾಳವಾಗುತ್ತದೆ. ಆ ನಾಳದೊಳಗೆ ಇಳಿಬಿದ್ದಿರುವುದೇ ಬೆನ್ನುಹುರಿ.

ಇಷ್ಟು ದೊಡ್ಡ ಕೆಲಸ ಮಾಡುವ ಅಂಗ ಎಷ್ಟು ದಪ್ಪವಿರಬಹುದು? ನಮ್ಮ ಕಿರುಬೆರಳಿನಷ್ಟು. ಉದ್ದ ಗಂಡಸರಲ್ಲಿ ಸುಮಾರು 45 ಸೆಂಟಿಮೀಟರು, ಹೆಂಗಸರಲ್ಲಿ ಅದಕ್ಕಿಂತ ಎರಡು ಮೂರು ಸೆಂಟಿಮೀಟರು ಕಡಿಮೆ. ತೂಕ ಸುಮಾರು 35 ಗ್ರಾಂ. ಹದವಾಗಿ ಬೆಂದ ಅನ್ನದಷ್ಟು ಮೆದುವಾದ ಈ ವಸ್ತುವನ್ನು ಮೂರು ಪೊರೆಗಳು ಸುತ್ತಿವೆ. ಒಳಗಿನ ಎರಡು ಪೊರೆಗಳ ನಡುವೆ ತಿಳಿನೀರಿನಂತಹ ದ್ರವ ತುಂಬಿದೆ. ಮಿದುಳು ಮತ್ತು ಬೆನ್ನುಹುರಿಗಳ ಸುತ್ತ ಸೇರಿ ಈ ದ್ರವ ಇರುವುದು ಸುಮಾರು 150 ಮಿಲಿಲೀಟರು ಮಾತ್ರ. ಆದರೆ ದಿನವೊಂದಕ್ಕೆ ಹೊಸದಾಗಿ ಉತ್ಪತ್ತಿಯಾಗುವುದು ಸುಮಾರು ಅರ್ಧ ಲೀಟರು. ಹಳೆಯದು ಹೀರಿಹೋಗುತ್ತಾ ಹೊಸದು ಬರುತ್ತಾ ಇರುತ್ತದೆ. ನಾವು ಓಡಿದರೂ ಎಗರಿದರೂ ಹುರಿಯು ಮೂಳೆಗೆ ಬಡಿಯದೆ ತೇಲುವುದು ಈ ದ್ರವದ ಕೃಪೆಯಿಂದ.

ಹುರಿಯನ್ನು ಅಡ್ಡಲಾಗಿ ಸೀಳಿ ನೋಡಿದರೆ ನಡುವೆ ರೆಕ್ಕೆ ಬಿಚ್ಚಿದ ಚಿಟ್ಟೆಯಾಕಾರದ ಬೂದುಬಣ್ಣದ ಭಾಗ, ಅದರ ಸುತ್ತ ಬಿಳಿಯ ಭಾಗ. ಬೂದು ಭಾಗದಲ್ಲಿರುವುದು ನರಕೋಶಗಳು. ಬಿಳಿಯ ಭಾಗದಲ್ಲಿರುವುದು ಮೇಲಕ್ಕೂ ಕೆಳಕ್ಕೂ ಸಾಗುವ ತಂತುಗಳು. ಆ ತಂತುಗಳ ಮೇಲಿರುವ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯೇ ಬಿಳಿಯ ಬಣ್ಣಕ್ಕೆ ಕಾರಣ. ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ಇದು. ಹೊದಿಕೆಯಿರುವ ತಂತುವಿನಲ್ಲಿ ಸುದ್ದಿಯು ಸೆಕೆಂಡಿಗೆ ನೂರು ಮೀಟರಿನ ವೇಗವನ್ನು ಮುಟ್ಟಬಲ್ಲದು. ಹೊದಿಕೆಯಿಲ್ಲದ ತೆಳು ತಂತುಗಳಲ್ಲಿ ಒಂದೆರಡು ಮೀಟರು ಅಷ್ಟೆ. ಕಾಲ್ಬೆರಳು ಕಲ್ಲಿಗೆ ಎಡವಿದಾಗ ಮೊದಲು ಚುರುಕ್ಕೆನ್ನುವ ನೋವು, ಸ್ವಲ್ಪ ತಡೆದು ಬೇರೆಯದೇ ಒಂದು ಆಳವಾದ ನೋವು ಬರುವುದನ್ನು ಎಲ್ಲರೂ ಅನುಭವಿಸಿದ್ದೇವೆ. ಅವೆರಡೂ ಬೇರೆಬೇರೆ ತಂತುಗಳಲ್ಲಿ ಬಂದ ಸುದ್ದಿಗಳು.

ಹುರಿಯಿಂದ ಎಡಬಲಗಳಿಗೆ 31 ಜೊತೆ ನರಗಳು ಕವಲೊಡೆಯುತ್ತವೆ. ಒಂದೊಂದು ನರಕ್ಕೂ ಎರಡು ಬೇರು. ಹಿಂದಿನ ಬೇರಿನ ಮೂಲಕ ಸ್ಪರ್ಶ, ನೋವು, ಶಾಖಗಳ ಸುದ್ದಿ ಒಳಕ್ಕೆ ಬರುತ್ತದೆ. ಮುಂದಿನ ಬೇರಿನ ಮೂಲಕ ಸ್ನಾಯುಗಳಿಗೆ ಆಜ್ಞೆ ಹೊರಕ್ಕೆ ಹೋಗುತ್ತದೆ. ಇದನ್ನು 1822ರಲ್ಲಿ ಖಚಿತವಾಗಿ ತೋರಿಸಿದವನು ಫ್ರಾನ್ಸಿನ ಮಜಾಂಡಿ. ಅದಕ್ಕೆ ಮುನ್ನ 1811ರಲ್ಲಿ ಚಾರ್ಲ್ಸ್ ಬೆಲ್ ಈ ದಾರಿಯಲ್ಲಿ ಅರ್ಧ ನಡೆದಿದ್ದ. ಬರುವ ಬಾಗಿಲು ಬೇರೆ, ಹೋಗುವ ಬಾಗಿಲು ಬೇರೆ ಎಂಬ ಈ ವ್ಯವಸ್ಥೆಯನ್ನು ಜಾತ್ರೆಯ ದಿನ ಘಾಟಿ ಸುಬ್ರಹ್ಮಣ್ಯದಲ್ಲಿ ನೂಕುನುಗ್ಗಲಿಗೆ ಸಿಕ್ಕಿಕೊಂಡವರು ಚೆನ್ನಾಗಿ ಮೆಚ್ಚಿಕೊಂಡಾರು.

ವಿಚಿತ್ರವಾದ ಇನ್ನೊಂದು ಸಂಗತಿಯುಂಟು. ಮಿದುಳಿನಿಂದ ಇಳಿಯುವ ಆಜ್ಞೆಯ ತಂತುಗಳಲ್ಲಿ ಬಹುಪಾಲು ತಲೆಬುರುಡೆಯ ಬುಡದಲ್ಲಿಯೇ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟಿಬಿಡುತ್ತವೆ. ನೋವು ಮತ್ತು ಶಾಖದ ಸುದ್ದಿ ತರುವ ತಂತುಗಳಾದರೋ ಬೆನ್ನುಹುರಿಯನ್ನು ಹೊಕ್ಕ ಕೂಡಲೇ ಅಲ್ಲಿಯೇ ದಾಟುತ್ತವೆ. ಆದಕಾರಣ ಹುರಿಯ ಒಂದು ಮಗ್ಗುಲು ಮಾತ್ರ ಕತ್ತರಿಸಿದವನಿಗೆ ಒಂದು ಕಾಲಿನಲ್ಲಿ ಬಲ ಹೋಗಿರುತ್ತದೆ, ಇನ್ನೊಂದು ಕಾಲಿನಲ್ಲಿ ನೋವಿನ ಅರಿವು ಹೋಗಿರುತ್ತದೆ. ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದಲ್ಲಿ 1817ರಲ್ಲಿ ಹುಟ್ಟಿದ ಬ್ರೌನ್ ಸೆಕಾರ್ ಎಂಬ ವೈದ್ಯ ಇದನ್ನು ಮೊದಲು ವಿವರಿಸಿದ. ಇಂದಿಗೂ ಈ ಲಕ್ಷಣಕ್ಕೆ ಆತನ ಹೆಸರೇ ಇದೆ.

ಗರ್ಭದಲ್ಲಿ ಮೂರನೆಯ ತಿಂಗಳವರೆಗೆ ಬೆನ್ನುಹುರಿಯು ಬೆನ್ನುಮೂಳೆಯಷ್ಟೇ ಉದ್ದವಾಗಿರುತ್ತದೆ. ಅನಂತರ ಮೂಳೆ ಬೇಗ ಬೇಗ ಬೆಳೆಯುತ್ತದೆ, ಹುರಿ ಹಿಂದೆ ಬೀಳುತ್ತದೆ. ಹೀಗಾಗಿ ದೊಡ್ಡವರಲ್ಲಿ ಹುರಿಯು ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಬಳಿಯೇ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಕ್ಕೆ ನಾಳದಲ್ಲಿರುವುದು ಉದ್ದುದ್ದನೆಯ ನರದ ಬೇರುಗಳ ಗೊಂಚಲು. ನೋಡಲು ಕುದುರೆಯ ಬಾಲದಂತಿರುವುದರಿಂದ ಅಂಗರಚನಾಶಾಸ್ತ್ರದಲ್ಲಿ ಅದರ ಹೆಸರೂ ಅದೇ ಅರ್ಥದ್ದು.

ಈ ಒಂದು ಸಂಗತಿ ತಿಳಿದಿದ್ದರೆ ನಮ್ಮ ಎಷ್ಟೋ ಮನೆಗಳಲ್ಲಿ ಸೊಸೆಯಂದಿರ ಭಯ ಕಡಿಮೆಯಾದೀತು. ಹೆರಿಗೆಯ ಶಸ್ತ್ರಚಿಕಿತ್ಸೆಗೆ ಬೆನ್ನಿಗೆ ಸೂಜಿ ಹಾಕುತ್ತಾರೆಂದ ಕೂಡಲೇ ‘ಹುರಿಗೆ ಚುಚ್ಚಿಬಿಟ್ಟರೆ?’ ಎಂಬ ಅಂಜಿಕೆ. ಸೂಜಿ ಹೋಗುವುದು ಸಾಮಾನ್ಯವಾಗಿ ಸೊಂಟದ ಮೂರನೆಯ ನಾಲ್ಕನೆಯ ಮಣಿಗಳ ಆಸುಪಾಸಿನಲ್ಲಿ, ಹುರಿ ಮುಗಿದ ಮೇಲಿನ ಜಾಗದಲ್ಲಿ. ಅಲ್ಲಿ ದ್ರವದಲ್ಲಿ ತೇಲುವ ನರದ ಎಳೆಗಳು ಸೂಜಿಯ ಮೊನೆಗೆ ಸರಿದು ದಾರಿ ಬಿಡುತ್ತವೆ. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಈ ಕ್ರಮವನ್ನು ಆರಂಭಿಸಿದ ಮೇಲೆ ಲೆಕ್ಕವಿಲ್ಲದಷ್ಟು ಮಂದಿಗೆ ಇದನ್ನು ಮಾಡಲಾಗಿದೆ. ಕೆಲವರಿಗೆ ನಾಲ್ಕಾರು ದಿನ ತಲೆನೋವು ಬರುವುದುಂಟು. ಆದರೆ ಬಾಣಂತಿತನದ ಅನಂತರ ವರ್ಷಗಟ್ಟಲೆ ಕಾಡುವ ಬೆನ್ನುನೋವನ್ನೆಲ್ಲ ಆ ಸೂಜಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಬಸುರಿನಲ್ಲಿ ಸಡಿಲಗೊಂಡ ಕೀಲುಗಳು, ಸೋತ ಹೊಟ್ಟೆಯ ಸ್ನಾಯುಗಳು, ಬಗ್ಗಿ ಕುಳಿತು ಹಾಲೂಡಿಸುವ ರೀತಿ, ಆರು ವಾರ ತುಂಬುವ ಮುನ್ನವೇ ಎತ್ತುವ ನೀರಿನ ಕೊಡ, ಇವುಗಳನ್ನು ಯಾರೂ ದೂರುವುದಿಲ್ಲ.

ಮರದಿಂದ ಬಿದ್ದಾಗ

ನಮ್ಮ ಜಿಲ್ಲೆಯಲ್ಲಿ ಬೆನ್ನುಹುರಿಗೆ ಬರುವ ಆಪತ್ತು ಎರಡು ದಾರಿಗಳಿಂದ. ಒಂದು ಮರ, ಇನ್ನೊಂದು ರಸ್ತೆ. ಭಾರತದಲ್ಲೆಲ್ಲ ಎತ್ತರದಿಂದ ಬೀಳುವುದು ಮತ್ತು ವಾಹನ ಅಪಘಾತಗಳೇ ಹುರಿಗೆ ಪೆಟ್ಟಾಗುವ ಮುಖ್ಯ ಕಾರಣಗಳು. ಶಿವರಾತ್ರಿಯ ಆಸುಪಾಸಿನಲ್ಲಿ ಹುಣಸೆ ಬಡಿಯುವ ಕೆಲಸ, ವರ್ಷವಿಡೀ ತೆಂಗಿನಕಾಯಿ ಕೀಳುವ ಕೆಲಸ, ಕಟ್ಟಡಗಳ ಸಾರವೆ, ಮೋಟುಗೋಡೆಯಿಲ್ಲದ ತಾರಸಿ, ಕಟ್ಟೆಯಿಲ್ಲದ ಬಾವಿ ಒಂದು ಕಡೆ. ನೆಲಮಂಗಲದಲ್ಲಿ ತುಮಕೂರು ರಸ್ತೆ, ಹೊಸಕೋಟೆಯಲ್ಲಿ ಕೋಲಾರದ ರಸ್ತೆ, ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಮತ್ತಷ್ಟು ವೇಗ ಪಡೆದ ಬಳ್ಳಾರಿ ರಸ್ತೆ ಇನ್ನೊಂದು ಕಡೆ.

ಹುಣಸೆ ಮರದಿಂದ ಒಬ್ಬನು ಬಿದ್ದನೆನ್ನಿ. ಸುತ್ತಲಿದ್ದವರು ಓಡಿಬರುತ್ತಾರೆ. ಒಬ್ಬರು ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ನೀರು ಕುಡಿಸುತ್ತಾರೆ. ಇಬ್ಬರು ಕಂಕುಳಿಗೆ ಕೈಹಾಕಿ ಎಬ್ಬಿಸಿ ಕೂರಿಸುತ್ತಾರೆ. ಆಮೇಲೆ ಕೈಕಾಲು ಹಿಡಿದು ತೊಟ್ಟಿಲಿನಂತೆ ಎತ್ತಿ ಆಟೋವಿನ ಹಿಂಬದಿಯಲ್ಲಿ ಮಡಚಿ ಕೂರಿಸುತ್ತಾರೆ. ಇವರೆಲ್ಲ ಪ್ರೀತಿಯಿಂದಲೇ ಮಾಡಿದ್ದು. ಆದರೆ ಬಿದ್ದಾಗ ಮೂಳೆ ಮಾತ್ರ ಮುರಿದು, ಹುರಿ ಇನ್ನೂ ಉಳಿದುಕೊಂಡಿದ್ದರೆ, ಮುರಿದ ಮೂಳೆಯ ಚೂಪು ಹುರಿಯನ್ನು ಕೊಯ್ಯುವುದು ಈ ಎತ್ತಾಟದಲ್ಲಿಯೇ. ಬಿದ್ದ ಜಾಗದಲ್ಲಿ ಕಾಲನ್ನು ಆಡಿಸುತ್ತಿದ್ದವನು ಆಸ್ಪತ್ರೆಗೆ ಮುಟ್ಟುವ ಹೊತ್ತಿಗೆ ಆಡಿಸಲಾರದವನಾಗುವುದುಂಟು.

ಏನು ಮಾಡಬೇಕು? ಮೊದಲು ಮಾತನಾಡಿಸಬೇಕು; ಉಸಿರಾಟ ಸರಿಯಾಗಿದೆಯೇ ನೋಡಬೇಕು. ಬೆಂಕಿ, ನೀರು, ವಾಹನಗಳ ಅಪಾಯವಿಲ್ಲದಿದ್ದರೆ ಅವನನ್ನು ಇದ್ದಲ್ಲಿಯೇ ಇರಗೊಡಬೇಕು. ಒಬ್ಬರು ತಲೆಯ ಬಳಿ ಮೊಣಕಾಲೂರಿ ಎರಡೂ ಕೈಗಳಿಂದ ತಲೆಯನ್ನು ಅಲುಗದಂತೆ ಹಿಡಿದುಕೊಳ್ಳಬೇಕು. ಬಾಯಿಗೆ ನೀರು ಹಾಕಬಾರದು. 108ಕ್ಕೆ ದೂರವಾಣಿ ಮಾಡಬೇಕು; ಈ ಸೇವೆ ನಮ್ಮ ರಾಜ್ಯದಲ್ಲಿ 2008ರ ನವೆಂಬರಿನಿಂದ ಇದೆ. ಅವರು ಬರುವುದಕ್ಕೆ ಸಾಧ್ಯವೇ ಇಲ್ಲದೆ ನಾವೇ ಸಾಗಿಸಬೇಕಾದರೆ ಬಾಗಿಲಿನ ಹಲಗೆಯನ್ನೋ ಅಗಲವಾದ ಮಣೆಯನ್ನೋ ತಂದು, ನಾಲ್ಕು ಜನ ಸೇರಿ, ತಲೆ, ಕುತ್ತಿಗೆ, ಬೆನ್ನು, ಸೊಂಟ ಒಂದೇ ಗೆರೆಯಲ್ಲಿರುವಂತೆ ಮರದ ದಿಮ್ಮಿಯನ್ನು ಹೊರಳಿಸುವ ಹಾಗೆ ಹೊರಳಿಸಿ ಅದರ ಮೇಲೆ ಮಲಗಿಸಬೇಕು. ತಲೆಯ ಎರಡೂ ಪಕ್ಕಕ್ಕೆ ಬಟ್ಟೆಯ ಸುರುಳಿ ಇಟ್ಟು, ಪಂಚೆ ಟವೆಲುಗಳಿಂದ ಹಲಗೆಗೆ ಕಟ್ಟಬೇಕು. ವಾಹನ ಟ್ರಾಕ್ಟರಾದರೂ ಸರಿ, ಮಲಗಿಸಿಯೇ ಒಯ್ಯಬೇಕು.

ರಸ್ತೆಯಲ್ಲಿ ಬಿದ್ದವರನ್ನು ಎತ್ತಲು ಜನ ಹಿಂಜರಿಯುವುದು ಪೊಲೀಸು, ಕೋರ್ಟುಗಳ ಅಂಜಿಕೆಯಿಂದ. ಸಹಾಯ ಮಾಡಿದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗಳಿಗೆ 2016ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಕಾನೂನಿನ ಬಲ ಕೊಟ್ಟಿದೆ. ಹೆಸರು ವಿಳಾಸ ಹೇಳಲೇಬೇಕೆಂಬ ನಿರ್ಬಂಧವೂ ಇಲ್ಲ.

ಪೆಟ್ಟು ಎಲ್ಲಿ ಬಿತ್ತೆಂಬುದರ ಮೇಲೆ ಏನು ಹೋಯಿತೆಂಬುದು ನಿರ್ಧಾರವಾಗುತ್ತದೆ. ಉಸಿರಾಟದ ವಪೆಯನ್ನು ಆಡಿಸುವ ನರ ಹೊರಡುವುದು ಕುತ್ತಿಗೆಯ ಮೂರು, ನಾಲ್ಕು, ಐದನೆಯ ಮಟ್ಟಗಳಿಂದ. ಅದಕ್ಕೂ ಮೇಲೆ ಹುರಿ ಕಡಿದರೆ ಉಸಿರೇ ನಿಲ್ಲುತ್ತದೆ. ಕುತ್ತಿಗೆಯ ಕೆಳಭಾಗದಲ್ಲಾದರೆ ಕಾಲುಗಳೊಡನೆ ಕೈಗಳಿಗೂ ಅಷ್ಟಿಷ್ಟು ಹಾನಿ. ಎದೆಯ ಮಟ್ಟದಲ್ಲಾದರೆ ಕೈ ಉಳಿದು ಕಾಲು ಹೋಗುತ್ತದೆ. ಇವೆಲ್ಲದರಲ್ಲೂ ಮೂತ್ರ ಮತ್ತು ಮಲದ ಹಿಡಿತ ತಪ್ಪುತ್ತದೆ. ಮನೆಯವರು ಕಾಲಿನ ಬಗ್ಗೆ ಕಣ್ಣೀರಿಡುತ್ತಾರೆ. ಆದರೆ ಅನುಭವಸ್ಥ ವೈದ್ಯರಿಗೆ ಹೆಚ್ಚು ಚಿಂತೆ ಇರುವುದು ಮೂತ್ರಕೋಶದ ಬಗ್ಗೆ. ಒತ್ತುತ್ತಿರುವ ಮೂಳೆಯನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸುವುದು ಸಾಧ್ಯವಿದ್ದಲ್ಲಿ ಅದನ್ನು 24 ಗಂಟೆಗಳೊಳಗೆ ಮಾಡಿದರೆ ಫಲ ಹೆಚ್ಚೆಂಬುದು ಈಗಿನ ತಜ್ಞರ ಅಭಿಪ್ರಾಯ. ಮೂಳೆ ಕಟ್ಟುವವರ ಬಳಿ ಒಂದು ವಾರ ಕಳೆದು ಬೆಂಗಳೂರಿಗೆ ಹೊರಡುವುದರಿಂದಾಗುವ ನಷ್ಟವನ್ನು ಇದರಿಂದ ಅಳೆಯಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್, 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ಆದ ಸಂಸ್ಥೆ. ಅಲ್ಲಿ ಡಾ. ಆರ್. ಎಂ. ವರ್ಮ ಅವರು ಕಟ್ಟಿ ಬೆಳೆಸಿದ ನರಶಸ್ತ್ರಚಿಕಿತ್ಸೆಯ ವಿಭಾಗ ನಮ್ಮ ನಾಲ್ಕೂ ತಾಲ್ಲೂಕುಗಳಿಗೆ ದೂರವೇನಲ್ಲ.

ಪೆಟ್ಟಾದ ಮೊದಲ ಕೆಲವು ದಿನ, ಕೆಲವೊಮ್ಮೆ ಕೆಲವು ವಾರ, ಕಾಲುಗಳು ಹಸಿ ಬಟ್ಟೆಯಂತೆ ಜೋತುಬಿದ್ದಿರುತ್ತವೆ. ಹುರಿಯು ಆಘಾತದಿಂದ ಸ್ತಬ್ಧವಾಗಿರುವ ಕಾಲವದು. ಅನಂತರ ಒಂದು ದಿನ ಹೊದಿಕೆ ಸರಿಸುವಾಗ ಕಾಲು ತಾನಾಗಿ ಮಡಚಿಕೊಳ್ಳುತ್ತದೆ, ಅದುರುತ್ತದೆ. ಮನೆಯಲ್ಲಿ ಸಂಭ್ರಮ. ಹರಕೆ ತೀರಿಸಲು ಹೊರಡುತ್ತಾರೆ. ಇಲ್ಲಿ ನಿಜವನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು. ಅದು ಆರಂಭದಲ್ಲಿ ಹೇಳಿದ ಹೆಂಚಿನ ಕಥೆಯೇ. ಮಿದುಳಿನ ಸಂಪರ್ಕವಿಲ್ಲದೆಯೂ ಹುರಿಯ ಕೆಳಭಾಗ ತನ್ನಷ್ಟಕ್ಕೆ ತಾನು ಪ್ರತಿಕ್ರಿಯೆ ತೋರುತ್ತಿದೆ ಅಷ್ಟೆ. ತಾನೇ ಮನಸ್ಸು ಮಾಡಿ ಹೆಬ್ಬೆರಳನ್ನು ಆಡಿಸಿದರೆ ಅದು ಬೇರೆ ಮಾತು. ಅದು ನಿಜವಾದ ಚೇತರಿಕೆಯ ಕುರುಹು. ಈ ಎರಡರ ವ್ಯತ್ಯಾಸ ತಿಳಿಯದೆ ಹೊಲ ಮಾರಿ, ಕಾಂಡಕೋಶದ ಚಿಕಿತ್ಸೆಯೆಂದು ಜಾಹೀರಾತು ಕೊಡುವವರ ಕೈಗೆ ಹಣ ಸುರಿಯುವವರಿದ್ದಾರೆ. ಕಾಂಡಕೋಶಗಳಿಂದ ಕಡಿದ ಹುರಿಯನ್ನು ಕೂಡಿಸಬಹುದೆಂಬುದು ಇನ್ನೂ ಸಂಶೋಧನೆಯ ಹಂತದಲ್ಲಿದೆ. ಹುರಿಯ ಮೇಲೆ ವಿದ್ಯುತ್ ಸಲಕರಣೆ ಇಟ್ಟು ಕೆಲವರನ್ನು ನಿಲ್ಲಿಸಿದ, ಕೆಲವು ಹೆಜ್ಜೆ ನಡೆಸಿದ ಪ್ರಯೋಗಗಳು ಸ್ವಿಟ್ಜರ್ಲೆಂಡ್ ಮತ್ತು ಅಮೆರಿಕಗಳಲ್ಲಿ ಈಚೆಗೆ ಆಗಿವೆ. ಭರವಸೆಯಿದೆ, ಮಾರಾಟಕ್ಕಿರುವ ಔಷಧಿಯಿಲ್ಲ.

ಸಸ್ಯಾಹಾರಿಗಳ ಮನೆಯಲ್ಲಿ

ಬೀಳದೆ, ಎಡವದೆ, ಮನೆಯಲ್ಲಿ ಕುಳಿತಿದ್ದಂತೆಯೇ ಬೆನ್ನುಹುರಿ ಸವೆಯುವುದುಂಟು. ನಮ್ಮ ಪತ್ರಿಕೆಯನ್ನು ಓದುವ ಕುಟುಂಬಗಳಿಗೆ ಮರದಿಂದ ಬೀಳುವ ಸಂಗತಿಗಿಂತಲೂ ಇದು ಹೆಚ್ಚು ಹತ್ತಿರದ್ದು.

ಬಿ-12 ಎಂಬ ಜೀವಸತ್ವ ಇಲ್ಲದೆ ಮಯಲಿನ್ ಹೊದಿಕೆ ಉಳಿಯಲಾರದು. ದಿನಕ್ಕೆ ಬೇಕಾದದ್ದು ಸುಮಾರು ಎರಡು ಮೈಕ್ರೊಗ್ರಾಂ, ಎಂದರೆ ಒಂದು ಗ್ರಾಮಿನ ಹತ್ತು ಲಕ್ಷ ಭಾಗಗಳಲ್ಲಿ ಎರಡು ಭಾಗ. ಅಷ್ಟು ಅಲ್ಪವಾದರೂ ಅದನ್ನು ಯಾವ ಗಿಡವೂ ತಯಾರಿಸದು, ಯಾವ ಪ್ರಾಣಿಯೂ ತಯಾರಿಸದು. ಕೆಲವು ಸೂಕ್ಷ್ಮಾಣುಜೀವಿಗಳು ಮಾತ್ರ ತಯಾರಿಸಬಲ್ಲವು. ಹಸುವಿನ ಮೆಲುಕು ಹಾಕುವ ಹೊಟ್ಟೆಯಲ್ಲಿ ಆ ಜೀವಿಗಳಿವೆ. ಅದರಿಂದಲೇ ಹಾಲು, ಮೊಸರುಗಳಲ್ಲಿ ಬಿ-12 ಇದೆ. ರಾಗಿ, ಅವರೆ, ಸೊಪ್ಪು, ಹುರುಳಿಗಳಲ್ಲಿ ಬೇರೆಲ್ಲ ಸಾರವಿದ್ದರೂ ಇದು ಇಲ್ಲ. ಹಾಲು ಹಿಂಡಿ ಡೇರಿಗೆ ಹಾಕಿ, ಮನೆಗೆ ಕಾಫಿಗಷ್ಟು ಮಾತ್ರ ಉಳಿಸಿಕೊಳ್ಳುವ ಮನೆಗಳು ನಮ್ಮಲ್ಲಿ ಬಹಳ. ಆ ಕಾಫಿಯ ಹಾಲೂ ಗಂಡಸರಿಗೆ, ಮಕ್ಕಳಿಗೆ ಸಂದು, ಮನೆಯೊಡತಿಗೆ ನೀರುಮಜ್ಜಿಗೆ ಉಳಿದರೆ ಅವಳಿಗೆ ಎರಡು ಮೈಕ್ರೊಗ್ರಾಂ ಎಲ್ಲಿಂದ ಬಂದೀತು?

ಕೊರತೆಯ ಪೆಟ್ಟು ಮೊದಲು ಬೀಳುವುದು ಹುರಿಯ ಹಿಂಬದಿಯ ತಂತುಗಳ ಮೇಲೆ. ಪಾದ ಎಲ್ಲಿದೆ, ಹೇಗೆ ಊರಿದೆ ಎಂಬ ಸುದ್ದಿಯನ್ನು ಮಿದುಳಿಗೆ ಒಯ್ಯುವವು ಅವು. ಕಾಲ್ಬೆರಳಿನಿಂದ ತಲೆಬುರುಡೆಯ ಬುಡದವರೆಗೆ ಒಂದು ಮೀಟರಿಗೂ ಮಿಕ್ಕಿ ಉದ್ದದ ಒಂದೇ ಎಳೆ ಅದು. ಅಂಗಾಲು ಜೋಮು ಹಿಡಿದಂತಾಗುತ್ತದೆ. ಹತ್ತಿಯ ಮೇಲೆ ನಡೆದಂತಾಗುತ್ತದೆ. ಚಪ್ಪಲಿ ಕಾಲಿನಿಂದ ಜಾರಿಹೋದದ್ದು ಗೊತ್ತಾಗುವುದಿಲ್ಲ. ಹಗಲಿನಲ್ಲಿ ಕಣ್ಣು ನೋಡಿ ಸರಿಪಡಿಸಿಕೊಳ್ಳುವುದರಿಂದ ನಡಿಗೆ ನಡೆಯುತ್ತದೆ. ಕತ್ತಲಲ್ಲಿ ಹಿತ್ತಿಲಿಗೆ ಹೋಗುವಾಗ, ಬಚ್ಚಲಿನಲ್ಲಿ ಕಣ್ಣು ಮುಚ್ಚಿ ಮುಖಕ್ಕೆ ಸೋಪು ಹಚ್ಚಿಕೊಳ್ಳುವಾಗ ಮಾತ್ರ ತೂರಾಟ ಬರುತ್ತದೆ. ‘ಅಜ್ಜಿಗೆ ವಯಸ್ಸಾಯಿತು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಇದರೊಡನೆ ನಾಲಗೆ ಉರಿ, ರಕ್ತಹೀನತೆ, ಮರೆವು ಸೇರಬಹುದು, ಸೇರದೆಯೂ ಇರಬಹುದು.

ಯಕೃತ್ತಿನಲ್ಲಿ ಕೆಲವು ವರ್ಷಗಳಿಗಾಗುವಷ್ಟು ಬಿ-12 ಸಂಗ್ರಹವಿರುವುದರಿಂದ ಕೊರತೆ ಸದ್ದಿಲ್ಲದೆ ಬರುತ್ತದೆ. ಹಾಲು ಕುಡಿದರೂ ಜಠರದಲ್ಲಿ ಅದನ್ನು ಹೀರಲು ಬೇಕಾದ ಅಂಶ ಒಸರದಿದ್ದರೆ ಫಲವಿಲ್ಲ. ವಯಸ್ಸಾದಂತೆ ಇದು ಹೆಚ್ಚು. ಸಕ್ಕರೆ ಕಾಯಿಲೆಗೆ ವರ್ಷಾನುಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುವವರು, ಹೊಟ್ಟೆಯುರಿಗೆಂದು ಆಮ್ಲ ತಗ್ಗಿಸುವ ಮಾತ್ರೆಯನ್ನು ದಿನವೂ ನುಂಗುವವರು ವಿಶೇಷವಾಗಿ ಎಚ್ಚರವಹಿಸಬೇಕು. ಇವೆರಡೂ ಬಿ-12 ಹೀರಿಕೆಯನ್ನು ಕಡಿಮೆ ಮಾಡುತ್ತವೆ. ಸಕ್ಕರೆ ಕಾಯಿಲೆಯಿಂದಲೂ ಪಾದ ಜೋಮು ಹಿಡಿಯುವುದರಿಂದ, ಎಲ್ಲವನ್ನೂ ಸಕ್ಕರೆಯ ಲೆಕ್ಕಕ್ಕೆ ಬರೆದು ನಿಜವಾದ ಕಾರಣವನ್ನು ಕಾಣದೆ ಹೋಗುವ ಸಂಭವವಿದೆ. ಇನ್ನೊಂದು ಬಲೆಯುಂಟು. ರಕ್ತಹೀನತೆಗೆಂದು ಫೋಲಿಕ್ ಆಮ್ಲದ ಮಾತ್ರೆಯನ್ನಷ್ಟೇ ನುಂಗಿದರೆ ರಕ್ತ ಸುಧಾರಿಸುತ್ತದೆ, ಮುಖಕ್ಕೆ ಕಳೆ ಬರುತ್ತದೆ, ಒಳಗೆ ಹುರಿಯ ಸವೆತ ಮಾತ್ರ ಮುಂದುವರಿಯುತ್ತಲೇ ಇರುತ್ತದೆ.

ಸಸ್ಯಾಹಾರವನ್ನು ಬಿಡಿರೆಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಅದರ ಅಗತ್ಯವೇ ಇಲ್ಲ. ರಕ್ತಪರೀಕ್ಷೆಯಿಂದ ಕೊರತೆ ತಿಳಿಯುತ್ತದೆ. ಚುಚ್ಚುಮದ್ದು ಅಥವಾ ಮಾತ್ರೆಯಿಂದ ತುಂಬುತ್ತದೆ. ಅಂಗಡಿಯಲ್ಲಿ ಸಿಗುವ ಬಿ-12 ತಯಾರಾಗುವುದು ಸೂಕ್ಷ್ಮಾಣುಜೀವಿಗಳನ್ನು ಹುದುಗಿಸಿ, ಮಾಂಸದಿಂದಲ್ಲ. ಜೆಲಟಿನ್ ಹೊದಿಕೆಯ ಕ್ಯಾಪ್ಸೂಲು ಬೇಡವೆನ್ನುವವರು ಮಾತ್ರೆಯನ್ನೇ ಕೇಳಿ ಪಡೆಯಬಹುದು. ತಿಂಗಳುಗಳೊಳಗೆ ಗುರುತಿಸಿದರೆ ಹುರಿ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ವರ್ಷಗಳು ಕಳೆದರೆ ಪೂರ್ತಿ ಹಿಂದಿರುಗದು. ಬಸುರಿ ಬಾಣಂತಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ತಾಯಿಯಲ್ಲಿ ಬಿ-12 ಇಲ್ಲದಿದ್ದರೆ ಎದೆಹಾಲಿನಲ್ಲಿಯೂ ಇಲ್ಲ. ಕಲಿತ ಆಟಪಾಠಗಳನ್ನು ಮರೆತು, ಮಂಕಾಗಿ, ಕೈಕಾಲು ನಡುಗಿಸುವ ಕೂಸುಗಳನ್ನು ಕಂಡು, ಅದಕ್ಕೆ ತಾಯಿಯ ಬಿ-12 ಕೊರತೆಯೇ ಕಾರಣವೆಂದು ವೆಲ್ಲೂರಿನ ವೈದ್ಯರು 1962ರಲ್ಲಿಯೇ ಪ್ರಕಟಿಸಿದ್ದರು. ಇನ್ನು ಫೋಲಿಕ್ ಆಮ್ಲದ ಮಾತ್ರೆಯನ್ನು ಬಸುರಾದ ಮೇಲೆ ಆರಂಭಿಸುವುದಲ್ಲ, ಮಗು ಬೇಕೆಂದುಕೊಂಡಾಗಲೇ ಆರಂಭಿಸಬೇಕು. ಕೂಸಿನ ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು ಗರ್ಭ ನಿಂತ 28ನೆಯ ದಿನದೊಳಗೆ. ಎಷ್ಟೋ ಹೆಂಗಸರಿಗೆ ಆಗಿನ್ನೂ ತಾವು ಬಸುರಿಯೆಂಬುದೇ ತಿಳಿದಿರುವುದಿಲ್ಲ.

ಬೆನ್ನುನೋವೆಲ್ಲ ಹುರಿಯ ಕಾಯಿಲೆಯಲ್ಲ. ಬಹುತೇಕ ಸ್ನಾಯು ಕೀಲುಗಳದ್ದು, ತಾನಾಗಿ ಹೋಗುವಂಥದ್ದು. ಆದರೆ ಸಂಜೆಯ ಜ್ವರ, ತೂಕದ ಇಳಿತ ಇವುಗಳೊಡನೆ ಬಿಡದೆ ಕಾಡುವ ನೋವು ಬೆನ್ನುಮೂಳೆಯ ಕ್ಷಯವಾಗಿರಬಹುದು. ಮಾತ್ರೆಗಳಿಂದ ವಾಸಿಯಾಗುವ ಅದನ್ನು ಬಿಟ್ಟರೆ ಗೂನು ಬಿದ್ದು ಹುರಿಯನ್ನು ಒತ್ತುತ್ತದೆ. ಮೂಟೆ ಎತ್ತಿದ ಮೇಲೆ ಸೊಂಟ ಹಿಡಿದು, ಮೂತ್ರ ಕಟ್ಟಿಕೊಂಡು, ಕುಳಿತುಕೊಳ್ಳುವ ಜಾಗ ಮರಗಟ್ಟಿದರೆ ಅದು ಅಂದಂದೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣ. ಎಣ್ಣೆ ತಿಕ್ಕಿಸುತ್ತಾ ನಾಳೆಗೆ ಕಾಯಬಾರದು.

ಇಲ್ಲಿ ಒಂದು ಮಾತು. ಇಷ್ಟಲಿಂಗಪೂಜೆಗೆ ಬೆನ್ನು ನೆಟ್ಟಗೆ ಮಾಡಿ ಕೂರುವುದು ನಮ್ಮ ಪದ್ಧತಿ. ಯೋಗಶಾಸ್ತ್ರದ ಸುಷುಮ್ನೆಯೇ ಬೆನ್ನುಹುರಿ, ಚಕ್ರಗಳೇ ನರಗಳ ಗಂಟುಗಳು ಎಂದು ಹೊಂದಿಸಿ ಬರೆದ ಗ್ರಂಥಗಳುಂಟು. ಸಾಧಕನ ಅನುಭವಕ್ಕೆ ಸೇರಿದ್ದನ್ನು ಶಸ್ತ್ರವೈದ್ಯನ ಕತ್ತಿಗೆ ಸಿಗುವ ವಸ್ತುವಾಗಿಸುವುದರಿಂದ ಎರಡಕ್ಕೂ ಲಾಭವಿಲ್ಲವೆಂದು ನನ್ನ ಎಣಿಕೆ. ನೆಟ್ಟಗೆ ಕೂರುವುದರಿಂದ ಬೆನ್ನಿನ ಸ್ನಾಯುಗಳಿಗೆ ಒಳ್ಳೆಯದು. ಇಷ್ಟನ್ನು ಧೈರ್ಯವಾಗಿ ಹೇಳಬಹುದು.

ಹಾಸಿಗೆಯಿಂದ ಗಾಲಿಕುರ್ಚಿಗೆ

ಒಂದು ಕಾಲದಲ್ಲಿ ಹುರಿ ಕಡಿದವರು ಕೆಲವೇ ತಿಂಗಳುಗಳಲ್ಲಿ ಸಾಯುತ್ತಿದ್ದರು. ಸಾವಿಗೆ ಕಾರಣ ಹುರಿಯಲ್ಲ. ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಗಾಯಗೊಂಡ ಸೈನಿಕರನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ನಿಯಮ ಮಾಡಿ, ಕೈಗೆ ಕೆಲಸ, ಆಟ ಕೊಟ್ಟು ಈ ವಿಧಿಯನ್ನು ಬದಲಿಸಿದರು. ಇಂದಿನ ಪ್ಯಾರಾಲಿಂಪಿಕ್ ಕ್ರೀಡೆಗಳ ಬೀಜ ಅಲ್ಲಿಯದೇ.

ಮಗ್ಗುಲು ಬದಲಿಸುವುದು ಇಂದಿಗೂ ಮನೆಯವರ ಮೊದಲ ಕಾಯಕ. ಅರಿವಿಲ್ಲದ ತೊಗಲಿಗೆ ಒಂದೇ ಕಡೆ ಒತ್ತಡ ಬಿದ್ದರೆ ಕೆಲವೇ ಗಂಟೆಗಳಲ್ಲಿ ಕೆಂಪಾಗಿ, ದಿನಗಳಲ್ಲಿ ಮೂಳೆ ಕಾಣುವ ಹುಣ್ಣಾಗುತ್ತದೆ. ಚಳಿಗಾಲದಲ್ಲಿ ಅಂತಹವರ ಕಾಲಿನ ಬಳಿ ಕೆಂಡದ ಅಗ್ಗಿಷ್ಟಿಕೆಯನ್ನಾಗಲಿ, ಬಿಸಿನೀರಿನ ಚೀಲವನ್ನಾಗಲಿ ಇಡಬಾರದು; ಸುಟ್ಟರೂ ಅವರಿಗೆ ತಿಳಿಯದು. ಮೂತ್ರಕ್ಕೆ ಶಾಶ್ವತ ನಳಿಗೆ ಹಾಕಿ ಬಿಡುವುದಕ್ಕಿಂತ, ನಿಗದಿತ ಹೊತ್ತಿಗೊಮ್ಮೆ ಶುಚಿಯಾದ ನಳಿಗೆಯಿಂದ ತಾವೇ ತೆಗೆದುಕೊಳ್ಳುವ ಕ್ರಮ 1970ರ ದಶಕದಿಂದ ಬಂದಿದೆ. ಕೈ ಸ್ವಾಧೀನವಿರುವವರು ಕಲಿತರೆ ಮೂತ್ರಪಿಂಡಗಳು ಉಳಿಯುತ್ತವೆ. ಎದೆಯ ಮೇಲ್ಭಾಗದಲ್ಲಿ ಅಥವಾ ಕುತ್ತಿಗೆಯಲ್ಲಿ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು, ಮುಖದ ಬೆವರು ಬಂದರೆ ರಕ್ತದ ಒತ್ತಡ ಏರಿದೆಯೆಂದು ತಿಳಿದು ಕೂಡಲೇ ಕೂರಿಸಬೇಕು. ಬಹಳ ಸಲ ಕಾರಣ ತುಂಬಿದ ಮೂತ್ರಕೋಶ ಅಥವಾ ಮಡಚಿಕೊಂಡ ನಳಿಗೆ. ಅದನ್ನು ಸರಿಪಡಿಸಿಯೂ ಇಳಿಯದಿದ್ದರೆ ವೈದ್ಯರ ಬಳಿಗೆ ಧಾವಿಸಬೇಕು.

ಇದಾದ ಮೇಲೆ ಬದುಕು ಇದೆಯೇ? ವೆಲ್ಲೂರಿನಲ್ಲಿ 1954ರಲ್ಲಿ ವಾಹನ ಅಪಘಾತದಲ್ಲಿ ಹುರಿಗೆ ಪೆಟ್ಟಾಗಿ ಎರಡೂ ಕಾಲು ಕಳೆದುಕೊಂಡ ಯುವ ವೈದ್ಯೆ ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಲ್ಲಿ ಪುನರ್ವಸತಿ ಸಂಸ್ಥೆ ತೆರೆಯಲು ಕಾರಣರಾದರು. ಪೋಲಿಯೊ ವೈರಸ್ಸು ಹಾಳುಮಾಡುವುದೂ ಬೆನ್ನುಹುರಿಯ ಮುಂಭಾಗದ ಚಾಲಕ ನರಕೋಶಗಳನ್ನೇ. ಕೂಸಾಗಿದ್ದಾಗ ಅದಕ್ಕೆ ತುತ್ತಾದ ಬೆಂಗಳೂರಿನ ಮಾಲತಿ ಹೊಳ್ಳ ಅವರು ಗಾಲಿಕುರ್ಚಿಯಲ್ಲಿಯೇ ಅಂತರರಾಷ್ಟ್ರೀಯ ಕ್ರೀಡಾಪಟುವಾಗಿ ಅರ್ಜುನ ಪ್ರಶಸ್ತಿಯನ್ನೂ 2001ರಲ್ಲಿ ಪದ್ಮಶ್ರೀಯನ್ನೂ ಪಡೆದರು. ಭಾರತದಲ್ಲಿ ನೈಸರ್ಗಿಕ (ವೈಲ್ಡ್) ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಹೌರಾದಲ್ಲಿ. ಪೋಲಿಯೊ ಪೀಡಿತರೇ ಆಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಎ.ಪಿ.ಡಿ. ಸಂಸ್ಥೆ ಇಂದು ಬೆನ್ನುಹುರಿಗೆ ಪೆಟ್ಟಾದವರಿಗೂ ಗಾಲಿಕುರ್ಚಿಯ ಬಳಕೆ, ಹುಣ್ಣಿನ ಆರೈಕೆ, ಜೀವನೋಪಾಯಗಳ ತರಬೇತಿ ಕೊಡುತ್ತದೆ.

ತರಬೇತಿ ಪಡೆದು ಊರಿಗೆ ಮರಳಿದವನಿಗೆ ಎದುರಾಗುವುದು ತನ್ನದೇ ಮನೆಯ ಜಗಲಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಜಗಲಿ ಒಂದೂವರೆ ಅಡಿ, ಹೊಸ್ತಿಲು ಅರ್ಧ ಅಡಿ. ಬಚ್ಚಲ ಬಾಗಿಲು ಎರಡಡಿ ಅಗಲ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಇದ್ದರೆ ಮಾತ್ರ ಗಾಲಿಕುರ್ಚಿಯನ್ನು ತಾನೇ ಏರಿಸಿಕೊಳ್ಳಬಲ್ಲನು. ಅಂಗಳ ಚಿಕ್ಕದಾದರೆ ಇಳಿಜಾರನ್ನು ನಡುವೆ ಒಮ್ಮೆ ತಿರುಗಿಸಿ, ತಿರುವಿನಲ್ಲಿ ಐದಡಿ ಸಮತಟ್ಟು ಜಾಗ ಬಿಡಬೇಕು. ಬಾಗಿಲಿಗೆ ಮೂರಡಿ ಅಗಲ ಬೇಕು. ಹೊಸದಾಗಿ ಕಟ್ಟುತ್ತಿರುವ ಸಮುದಾಯ ಭವನ, ದಾಸೋಹದ ಮನೆಗಳ ನಕ್ಷೆಗೆ ಸಹಿ ಹಾಕುವವರೂ ಈ ಅಳತೆಗಳನ್ನು ಗಾರೆಯವರಿಗೆ ಮೊದಲೇ ಬರೆದುಕೊಡುವುದು ಒಳ್ಳೆಯದು. ಮೆಟ್ಟಿಲು ಕಟ್ಟಿದ ಮೇಲೆ ಒಡೆದು ಇಳಿಜಾರು ಮಾಡುವ ಖರ್ಚು ಹೆಚ್ಚು.